ಹತ್ತೂವರೆಗೆ ಕಾಣೆಯಾದ ಪಟ್ಟಿ

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆದರೆ ನೀರು ಸರಬರಾಜು ಕಚೇರಿಯ ಮೂರು ಮಹಡಿಗಳಲ್ಲಿ ಎಲ್ಲಿ ಹೋಗಿ ಆ ಹೆಸರು ಹೇಳಿದರೂ "ಅಂಥವರು ಇಲ್ಲಿ ಯಾರೂ ಇಲ್ಲವಲ್ಲ" ಎಂದೇ ಉತ್ತರ ಬರುತ್ತಿತ್ತು. ಸಿಬ್ಬಂದಿ ವಿಭಾಗದ ಆ ಗುಮಾಸ್ತರು ಎಲ್ಲರಿಗೂ ನಿಘಂಟು. ಎದುರಿಗೆ ‘ನಿಘಂಟು ಸಾರ್’, ಬೆನ್ನ ಹಿಂದೆ ಬರೀ ‘ನಿಘಂಟು’.

ಈ ಬಿರುದನ್ನು ಅವರು ಸುಮ್ಮನೆ ಗಳಿಸಿದ್ದಲ್ಲ. ಕಾಗದಕ್ಕೆ ತೂತು ಹಾಕುವ ಯಂತ್ರವನ್ನು ‘ರಂಧ್ರಕ’ ಎಂದು ಕರೆದವರು ಅವರು. ಹೊಸದಾಗಿ ಬಂದ ಟೈಪಿಸ್ಟ್ ಒಬ್ಬಳು ‘ರಂಧ್ರಕ ತನ್ನಿ’ ಎಂಬ ಅವರ ಮಾತಿಗೆ ಮೂರೂ ಮಹಡಿ ಹುಡುಕಿ, ಕೊನೆಗೆ ‘ಆ ಹೆಸರಿನವರು ಇವತ್ತು ರಜೆ ಅಂತೆ ಸಾರ್’ ಎಂದು ಬಂದು ಹೇಳಿದ್ದಳು. ಕಚೇರಿಯಲ್ಲಿ ಯಾರ ಬಾಯಿಂದ ಇಂಗ್ಲಿಷ್ ಪದ ಉದುರಿದರೂ ಅದು ನೆಲ ಮುಟ್ಟುವ ಮೊದಲೇ ನಿಘಂಟು ಅದನ್ನು ಹಿಡಿದು, ಕನ್ನಡದ ಅಂಗಿ ತೊಡಿಸಿ ವಾಪಸು ಕೊಡುತ್ತಿದ್ದರು.

ಅವರಿಗೆ ಕಂಪ್ಯೂಟರಿನ ಯೋಗ ಬಂದದ್ದೂ ಹೀಗೆಯೇ. ಹದಿನೈದು ದಿನದ ಹಿಂದೆ ನಡೆದ ಸಭೆಯಲ್ಲಿ ಎಂಜಿನಿಯರ್ ಮೇಡಂ, "ನಿಮ್ಮಲ್ಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿರೋರು ಯಾರು?" ಎಂದು ಕೇಳಿದರು. ‘ಗಣಕಯಂತ್ರ ಎನ್ನಬೇಕು ಮೇಡಂ’ ಎಂದು ತಿದ್ದುವುದಕ್ಕಾಗಿ ನಿಘಂಟು ಕೈ ಎತ್ತಿದರು. "ಸರಿ, ಹಾಗಾದ್ರೆ ಮನೆ ಹಂಚಿಕೆ ಪಟ್ಟಿ ನೀವೇ ತಯಾರು ಮಾಡಿ," ಎಂದು ಮೇಡಂ ಎದ್ದೇಬಿಟ್ಟರು. ಎತ್ತಿದ ಕೈಯನ್ನು ಇಳಿಸುವುದರೊಳಗೆ ನಿಘಂಟು ಕಚೇರಿಯ ಗಣಕ ತಜ್ಞರಾಗಿದ್ದರು. ತಪ್ಪಾಯಿತೆಂದು ಆಗಲೇ ಹೇಳಬಹುದಾಗಿತ್ತು. ಆದರೆ ಸುತ್ತಲಿನವರೆಲ್ಲ ತಿರುಗಿ ನೋಡಿದ ಆ ನೋಟ ಅವರಿಗೆ ಬಹಳ ಹಿಡಿಸಿತು.

ಮನೆ ಹಂಚಿಕೆ ಎಂದರೆ ಹುಡುಗಾಟವಲ್ಲ. ಪಂಪ್‌ಹೌಸಿನ ಪಕ್ಕ ಸಿಬ್ಬಂದಿಗಾಗಿ ಹನ್ನೆರಡು ಹೊಸ ಮನೆಗಳು ಎದ್ದಿದ್ದವು. ಅರ್ಜಿ ಹಾಕಿದವರು ನಲವತ್ತೊಂದು ಜನ. ಅವರಲ್ಲೆಲ್ಲ ಹೆಚ್ಚು ಆಸೆಯಿಂದ ಕಾದವಳು ಪಂಪ್‌ಹೌಸಿನ ಅಕ್ಕ. ಹತ್ತೊಂಬತ್ತು ವರ್ಷದಿಂದ ಮೋಟಾರು ನೋಡಿಕೊಳ್ಳುತ್ತಿದ್ದ ಆಕೆ ದಿನಾ ಊರಿನ ಆ ತುದಿಯಿಂದ ಎರಡು ಬಸ್ಸು ಬದಲಿಸಿ ಬಂದು ನೀರು ಬಿಡುತ್ತಿದ್ದಳು. ಬಸ್ಸು ತಡವಾದ ದಿನ ಊರಿನ ಬೈಗುಳವೆಲ್ಲ ಅವಳ ಪಾಲಿಗೆ. ಅಂತಿಮ ಪಟ್ಟಿ ಇವತ್ತು ಮಧ್ಯಾಹ್ನ ಮೂರಕ್ಕೆ ಸೂಚನಾ ಫಲಕದಲ್ಲಿ ಬೀಳಬೇಕಿತ್ತು. ಸೂಪರಿಂಟೆಂಡೆಂಟರು ಕೈಬರಹದಲ್ಲಿ ಕೊಟ್ಟ ಹೆಸರುಗಳನ್ನು ನಿಘಂಟು ಎರಡು ದಿನ ಕೂತು ಟೈಪು ಮಾಡಿ ಮುಗಿಸಿದ್ದರು. ಪ್ರತಿ ಹೆಸರಿನ ದೀರ್ಘ, ಒತ್ತು, ಕೊಂಬು ಎಲ್ಲವನ್ನೂ ಮೂರು ಸಲ ನೋಡಿದ್ದರು.

ಬೆಳಗ್ಗೆ ಹತ್ತೂಕಾಲಿಗೆ ಅವರು ಪಟ್ಟಿಯನ್ನು ಪರದೆಯ ಕೆಳಕ್ಕೆ ಇಳಿಸಿಟ್ಟರು. ಮುದ್ರಿಸುವ ಮೊದಲು ಯಂತ್ರದೊಳಗೆ ಒಂದು ಸುತ್ತು ತಿರುಗಾಡೋಣ ಅನ್ನಿಸಿತು. ಎಲ್ಲೋ ಒತ್ತಿದರು, ಏನೋ ತೆರೆಯಿತು. ಅಲ್ಲಿ ಕನ್ನಡದಲ್ಲಿ ಒಂದು ಸಾಲು ಕಂಡಿತು: ‘ಕಾರ್ಯಪಟ್ಟಿಯನ್ನು ಸ್ವಯಂಚಾಲಿತವಾಗಿ ಮರೆಮಾಡಿ.’

ನಿಘಂಟು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಹಾ! ಟಾಸ್ಕ್‌ಬಾರ್ ಎಂಬ ಒರಟು ಪದಕ್ಕೆ ಕಾರ್ಯಪಟ್ಟಿ! ಸ್ವಯಂಚಾಲಿತ! ಒಂದು ಒತ್ತಕ್ಷರವೂ ತಪ್ಪಿಲ್ಲ. ಸಾಲಿನ ಪಕ್ಕದಲ್ಲಿ ಒಂದು ಪುಟ್ಟ ಚೌಕ ಖಾಲಿ ಇತ್ತು. ಮೇಷ್ಟ್ರು ಮಗುವಿನ ಸರಿಯುತ್ತರಕ್ಕೆ ಹಾಕುವಂತೆ, ಮನಸಾರೆ ಮೆಚ್ಚಿ, ನಿಘಂಟು ಆ ಚೌಕದಲ್ಲಿ ಒಂದು ಸರಿ ಗುರುತು ಹಾಕಿದರು. ಆಮೇಲೆ ಆ ಪುಟವನ್ನು ಮುಚ್ಚಿದರು.

ಪರದೆಯ ತಳದಲ್ಲಿದ್ದ ಉದ್ದನೆಯ ಪಟ್ಟಿ ಇಲ್ಲ. ಎಡಮೂಲೆಯಲ್ಲಿದ್ದ, ಎಲ್ಲವನ್ನೂ ಶುರು ಮಾಡುವ ಗುಂಡಿಯೂ ಇಲ್ಲ. ಕೆಳಗಿಳಿಸಿಟ್ಟ ನಲವತ್ತೊಂದು ಹೆಸರುಗಳೂ ಅದರ ಜೊತೆಗೇ ಹೋಗಿದ್ದವು. ಪರದೆಯ ತುಂಬ ಒಂದು ಬೆಟ್ಟ, ಬೆಟ್ಟದ ಮೇಲೆ ಮೋಡ, ಅಷ್ಟೇ. ತಮ್ಮ ಸರಿ ಗುರುತಿಗೂ ಈ ಅನಾಹುತಕ್ಕೂ ನಂಟಿದೆಯೆಂಬ ಗುಮಾನಿ ಅವರಿಗೆ ಬಂತು. ಆದರೆ ಆ ಸಾಲಿಗೆ ವಾಪಸು ಹೋಗುವ ದಾರಿ ತಿಳಿಯದು. ಇನ್ನೂ ಏನಾದರೂ ಮಾಯವಾದೀತೆಂದು ಹೆದರಿ ಅವರು ಮೌಸನ್ನು ಎತ್ತಿ ಮೇಜಿನ ಡ್ರಾಯರಿನೊಳಗಿಟ್ಟು ಬೀಗ ಹಾಕಿದರು. ಅದರ ತಂತಿ ಮಾತ್ರ ಬಾಲದ ಹಾಗೆ ಹೊರಗೆ ಉಳಿಯಿತು.

ಆಮೇಲೆ ಎದುರು ಕಟ್ಟಡದಲ್ಲಿದ್ದ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದರು. ವಿಂಡೋಸ್, ಟಾಸ್ಕ್‌ಬಾರ್, ಬಟನ್ ಎಂಬ ಮೂರು ಪದ ಹೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಕಷ್ಟಕಾಲದಲ್ಲಿ ವ್ರತ ಬಿಟ್ಟರೆ ಅದು ಎಂಥ ವ್ರತ?

"ನಮಸ್ಕಾರ. ಸಿಬ್ಬಂದಿ ವಿಭಾಗ. ನಮ್ಮ ಕಿಟಕಿಯ ತಳಭಾಗದ ಪಟ್ಟಿ ಕಾಣೆಯಾಗಿದೆ."

"ಕಿಟಕೀದಾ?" ಎಂದಿತು ಆ ಕಡೆಯ ಹೆಣ್ಣುದನಿ.

"ಹೌದು. ಎಡಮೂಲೆಯ ಗುಂಡಿಯೂ ಇಲ್ಲ."

"ಸಾರ್, ಊರಿಗೂರೇ ಗುಂಡಿ ಇದೆ ಅಂತ ದೂರು ಕೊಡುತ್ತೆ. ಇಲ್ಲ ಅಂತ ದೂರು ಕೊಡ್ತಿರೋದು ನೀವೊಬ್ಬರೇ. ಇರಿ, ಕಟ್ಟಡ ವಿಭಾಗಕ್ಕೆ ಕೊಡ್ತೀನಿ."

ಕಟ್ಟಡ ವಿಭಾಗದವರು ಎಲ್ಲವನ್ನೂ ಕೇಳಿ, ಬಡಗಿಯನ್ನು ಕಳಿಸುತ್ತೇವೆ, ಆದರೆ ಬರಹದಲ್ಲಿ ಒಂದು ಚೀಟಿ ಬೇಕು ಎಂದರು. ಬಡಗಿ ಯಾಕೆ ಎಂದು ನಿಘಂಟು ಕೇಳಲಿಲ್ಲ. ‘ಬರಹ’ ಎಂಬ ಪದ ಕಿವಿಗೆ ಬಿದ್ದರೆ ಅವರಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಬರೆದರು:

‘ಈ ದಿನ ಬೆಳಗ್ಗೆ ಹತ್ತೂಕಾಲಿನವರೆಗೆ ಎಲ್ಲರ ಕಣ್ಣೆದುರಿಗಿದ್ದ ಪಟ್ಟಿಯು ಹತ್ತೂವರೆಗೆ ಕಾಣೆಯಾಗಿರುತ್ತದೆ. ಯಾರ ಕೈಯಿಂದ ಇದು ನಡೆಯಿತೆಂಬುದು ನನಗೆ ತಿಳಿದಿದ್ದರೂ ಸದ್ಯಕ್ಕೆ ಆ ಹೆಸರು ಹೇಳುವುದು ಉಚಿತವಲ್ಲ. ಮರೆಯಲ್ಲಿರುವುದನ್ನು ಮಧ್ಯಾಹ್ನ ಮೂರರೊಳಗೆ ಹೊರತೆಗೆಯಲು ಕೋರಿದೆ.’

ತಮ್ಮದೇ ಕೈ ಎಂದು ಬರೆಯಲು ತಜ್ಞರಿಗೆ ನಾಚಿಕೆಯಾಗಿತ್ತು, ಅಷ್ಟೇ. ಯಾವ ಕಾಗದ ಬರೆದರೂ ಕೊನೆಗೆ ಪ್ರತಿಗಳ ಸಾಲು ಸೇರಿಸುವುದು ಅವರ ಅಭ್ಯಾಸ. ಹಾಗಾಗಿ ‘ಪ್ರತಿ: ಎಂಜಿನಿಯರ್ ಮೇಡಂ ಅವರಿಗೆ, ಸೂಪರಿಂಟೆಂಡೆಂಟರಿಗೆ’ ಎಂದೂ ಬರೆದು, ಟಪಾಲಿನ ಮೇಜಿಗೆ ಕೊಟ್ಟು ಬಂದರು.

ಟಪಾಲು ನೋಡುತ್ತಿದ್ದ ಹೆಂಗಸು ಬಂದ ಕಾಗದಗಳನ್ನೆಲ್ಲ ಗಟ್ಟಿಯಾಗಿ ಓದಿಯೇ ವಹಿಯಲ್ಲಿ ಬರೆದುಕೊಳ್ಳುವವರು. ‘ಪಟ್ಟಿಯು ಕಾಣೆಯಾಗಿರುತ್ತದೆ’ ಎಂಬಲ್ಲಿ ಅವರ ದನಿ ನಿಂತಿತು. ಮೇಜಿನೆದುರು ನಿಂತಿದ್ದ ಮೀಟರ್ ಓದುವವನ ಬಾಯಿ ತೆರೆದುಕೊಂಡಿತು.

"ಮನೆ ಪಟ್ಟೀನಾ ಅಕ್ಕಾ?"

"ಇನ್ಯಾವ ಪಟ್ಟಿ ಇದೆ ಈ ಕಚೇರೀಲಿ? ಕೈ ಯಾರದು ಅಂತ ನಿಘಂಟು ಸಾರ್‌ಗೆ ಗೊತ್ತಂತೆ. ಹೇಳಲ್ವಂತೆ."

"ಅಬ್ಬಾ! ಆ ಮನುಷ್ಯನ ಹೊಟ್ಟೇಲಿ ಇಷ್ಟು ಧೈರ್ಯ ಇತ್ತಾ!"

ಹನ್ನೊಂದೂವರೆಗೆ ಸುದ್ದಿ ಮೂರನೇ ಮಹಡಿ ಹತ್ತಿತು. ಹನ್ನೆರಡಕ್ಕೆ ಇಳಿದು ಬರುವಾಗ ಅದಕ್ಕೆ ಕೈಕಾಲು ಬಂದಿದ್ದವು: ಯಾರೋ ಪಟ್ಟಿ ಕದ್ದಿದ್ದಾರೆ, ನಿಘಂಟು ಕಣ್ಣಾರೆ ಕಂಡಿದ್ದಾರೆ, ಮೂರು ಗಂಟೆಗೆ ಹೆಸರು ಬಯಲು. ಅರ್ಜಿದಾರರೆಲ್ಲ ಒಬ್ಬೊಬ್ಬರಾಗಿ ಸಿಬ್ಬಂದಿ ವಿಭಾಗದ ಮುಂದಿನ ಓಣಿಯಲ್ಲಿ ನೆರೆದರು. ಪಂಪ್‌ಹೌಸಿನ ಅಕ್ಕನೂ ಬಂದು ಗೋಡೆಗೊರಗಿ ನಿಂತಳು. ಒಳಗೆ ಬೆಟ್ಟವನ್ನೇ ನೋಡುತ್ತ ಕೂತಿದ್ದ ನಿಘಂಟುವಿಗೆ ಬಾಗಿಲಲ್ಲಿ ಇಷ್ಟೊಂದು ತಲೆ ಏಕೆ ಎಂದು ಅರ್ಥವಾಗಲಿಲ್ಲ. ತಮ್ಮ ತಪ್ಪು ಊರಿಗೇ ಗೊತ್ತಾಗಿದೆ ಅಂದುಕೊಂಡು ತಲೆ ತಗ್ಗಿಸಿದರು. ಹೊರಗಿನವರು ಅದನ್ನು ಗಾಂಭೀರ್ಯ ಅಂದುಕೊಂಡರು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ಏನ್ರೀ ಇದು? ಎದುರುಮನೆಯವರು ಹೇಳಿದ್ರು, ನಿಮ್ಮ ಆಫೀಸಲ್ಲಿ ಕಳ್ಳತನ ಆಗಿದೆಯಂತೆ?"

"ಕಳ್ಳತನ ಏನಿಲ್ಲ ಕಣೇ. ಕಿಟಕಿಯ ತಳದ ಪಟ್ಟಿ ಕಾಣ್ತಿಲ್ಲ."

"ಅಯ್ಯೋ, ಕಿಟಕಿ ಒಡೆದು ಒಳಗೆ ಬಂದ್ರಾ?"

"ಯಾರೂ ಬಂದಿಲ್ಲ. ಅದಾಗೇ ಕೆಳಗಿಳಿದು ಹೋಯ್ತು."

"ಅಂದ್ರೆ ಒಳಗಿನವರದ್ದೇ ಕೆಲಸ!" ಹೆಂಡತಿಗೆ ಎಲ್ಲವೂ ಸ್ಪಷ್ಟವಾಯಿತು. "ನೋಡಿ, ನೀವು ಬಾಯಿ ಬಿಡಬೇಡಿ. ನೀವು ಒಳ್ಳೇವರು, ಕೇಳಿದ್ರೆ ಮಾಡದೇ ಇದ್ದದ್ದನ್ನೂ ಒಪ್ಕೊಂಡುಬಿಡ್ತೀರಿ. ನನ್ನ ತಮ್ಮನ್ನ ಕಳಿಸಲಾ?"

"ಅವನಿಗೆ ಇದು ಬರುತ್ತಾ?"

"ಅವನು ಇಬ್ಬರನ್ನ ಹೊಡೆದವನು ರೀ!"

ನಿಘಂಟು ಬೇಡವೆಂದು ಫೋನಿಟ್ಟರು.

ಒಂದು ಗಂಟೆಗೆ ಬಡಗಿ ಬಂದ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಅಳತೆ ಟೇಪು, ಹೆಗಲಲ್ಲಿ ಚೀಲ. ಯಾರನ್ನೂ ಕೇಳದೆ ಸೀದಾ ಕಿಟಕಿಯ ಹತ್ತಿರ ಹೋಗಿ ತಟ್ಟಿ, ಬಗ್ಗಿ, ಮೂಸಿ ನೋಡಿದ.

"ಸಾರ್, ಪಟ್ಟಿ ಇದ್ದಲ್ಲೇ ಇದೆಯಲ್ಲ. ಕಲ್ಲಿನ ಹಾಗಿದೆ."

"ಆ ಕಿಟಕಿ ಅಲ್ಲಪ್ಪ."

"ಕೋಣೇಲಿ ಇರೋದು ಒಂದೇ ಕಿಟಕಿ ಸಾರ್."

"ಇದೂ ಕಿಟಕಿಯೇ," ಎಂದು ನಿಘಂಟು ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಬಡಗಿ ಅವರನ್ನು ನೋಡಿದ. ಮೈಗೆ ಹುಷಾರಿಲ್ಲದವರನ್ನು ನೋಡುವಂತೆ ಕರುಣೆಯಿಂದ ನೋಡಿ, "ಊಟ ಮಾಡ್ಕೊಂಡು ಬನ್ನಿ ಸಾರ್. ನಾನು ಇಲ್ಲೇ ಅಳತೆ ತಗೋತಾ ಇರ್ತೀನಿ," ಎಂದು ಮೂಲೆಯಲ್ಲಿ ಕೂತು ಏನನ್ನೋ ಅಳೆಯತೊಡಗಿದ.

ಆಗ ಬಾಗಿಲಿನ ತಲೆಗಳು ಎರಡು ಸಾಲಾಗಿ ಸರಿದವು. ಸೂಪರಿಂಟೆಂಡೆಂಟರು ಒಳಗೆ ಬಂದರು. ಅವರು ಬಾಗಿಲಿನಷ್ಟೇ ಅಗಲವಿದ್ದ ಮನುಷ್ಯ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಗುಮಾಸ್ತರ ಮೇಜಿಗೆ ಬಂದವರಲ್ಲ. ಈಗ ಕೈಯಲ್ಲಿ ತಮ್ಮ ಫ್ಲಾಸ್ಕು ಹಿಡಿದು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಕುರ್ಚಿ ಎಳೆದು ಕೂತರು.

"ಊಟ ಆಯ್ತಾ?" ಎಂದರು.

ನಿಘಂಟು ಪೆನ್ನಿನ ಮುಚ್ಚಳ ಮುಚ್ಚಿದರು. ಕೆಲಸದಿಂದ ತೆಗೆಯುವವರು ಮಾತ್ರ ಇಷ್ಟು ಮೆತ್ತಗೆ ಮಾತಾಡುತ್ತಾರೆಂದು ಅವರು ಕೇಳಿದ್ದರು.

ಸೂಪರಿಂಟೆಂಡೆಂಟರು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಮುಂದಿಟ್ಟರು. "ನಿಮ್ಮ ಚೀಟಿ ನೋಡಿದೆ. ಕೈ ಯಾರದು ಅಂತ ಗೊತ್ತು ಅಂತ ಬರೆದಿದ್ದೀರಿ."

"ಬರೆದಿದ್ದೀನಿ ಸಾರ್. ಹೆಸರು ಹಾಕೋಕೆ ನಾಚಿಕೆಯಾಯ್ತು."

"ಹಾಕದೇ ಇದ್ದದ್ದು ದೊಡ್ಡ ಉಪಕಾರ. ಬೇರೆ ಯಾರಿಗೆ ಗೊತ್ತು?"

"ಸದ್ಯಕ್ಕೆ ನನಗೆ, ಮೇಲಿರೋ ದೇವರಿಗೆ."

"ಅಲ್ಲಿಗೇ ನಿಲ್ಲಲಿ," ಎಂದು ಸೂಪರಿಂಟೆಂಡೆಂಟರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ಮನುಷ್ಯ ಅಂದ್ಮೇಲೆ ಒಂದ್ಸಲ ಕೈ ಜಾರುತ್ತೆ, ಅಲ್ವಾ?"

ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವುದೇ ವಾಸಿ ಎಂದುಕೊಂಡರು ನಿಘಂಟು. "ಜಾರಿದ್ದಲ್ಲ ಸಾರ್. ಬೇಕಂತಲೇ ಮಾಡಿದ್ದು. ಖುಷಿಯಾಗಿ ಒಂದು ಗುರುತು ಹಾಕಿದ್ದು, ಅಷ್ಟೇ. ಹಾಕಿದ ತಕ್ಷಣ ನ್ಯಾಯವಾಗಿ ಇರಬೇಕಾದ್ದು ಕೆಳಗೆ ಹೋಯ್ತು!"

ಸೂಪರಿಂಟೆಂಡೆಂಟರ ಮುಖ ಬಿಳಿಚಿತು. "ಖುಷಿಯಾಗಿ ಮಾಡಲಿಲ್ಲ ಕಣ್ರೀ! ನನ್ನ ಕಷ್ಟ ನಿಮಗೇನು ಗೊತ್ತು? ಮನೇಲಿ ಎರಡು ತಿಂಗಳಿಂದ ಊಟಕ್ಕೆ ಕೂತರೆ ಅದೇ ಮಾತು. ನಾದಿನಿ ಬಂದು ಅತ್ತಳು. ಅವಳು ಅತ್ತರೆ ನನ್ನ ಹೆಂಡತಿ ಅಳ್ತಾಳೆ. ಇಬ್ಬರೂ ಅತ್ತರೆ ಅತ್ತೆಯವರು ಶುರು ಮಾಡ್ತಾರೆ!"

"ನಮ್ಮ ಪಟ್ಟಿಗೆ ನಿಮ್ಮ ನಾದಿನಿ ಯಾಕೆ ಅಳಬೇಕು ಸಾರ್?"

"ನೋಡಿದ್ರಾ, ಎಷ್ಟು ತಣ್ಣಗೆ ಕೇಳ್ತೀರಿ! ಆಯ್ತು, ನನ್ನ ಬಾಯಿಂದಲೇ ಬರಬೇಕು ಅಂತಿದ್ರೆ ಬರಲಿ. ಹೌದು, ಷಡ್ಡಕನ ಹೆಸರನ್ನ ನಾಲ್ಕಕ್ಕೆ ಹತ್ತಿಸಿದೆ. ನಾಲ್ಕರಲ್ಲಿದ್ದ ಪಂಪ್‌ಹೌಸಿನ ಹೆಂಗಸನ್ನ ಹದಿಮೂರಕ್ಕೆ ಇಳಿಸಿದೆ. ಒಬ್ಬಳನ್ನೇ! ಬೇರೆ ಯಾರನ್ನೂ ಮುಟ್ಟಲಿಲ್ಲ!"

ಮೂಲೆಯಲ್ಲಿ ಅಳತೆ ಟೇಪು ಸರ್ರನೆ ಒಳಗೆ ಸರಿದುಕೊಂಡಿತು. ಬಡಗಿ ಕೂತಲ್ಲೇ ಕತ್ತು ಎತ್ತಿದ.

ನಿಘಂಟು ಬೆರಳು ಮಡಿಸಿ ಲೆಕ್ಕ ಹಾಕಿದರು. "ಹದಿಮೂರಾ? ಮನೆ ಇರೋದು ಹನ್ನೆರಡೇ ಅಲ್ವಾ ಸಾರ್?"

"ಅದಕ್ಕೇ ಹದಿಮೂರು ಕಣ್ರೀ!"

"ಯಾವುದಕ್ಕೆ ಹದಿಮೂರು?" ಎಂದಿತು ಇನ್ನೊಂದು ದನಿ.

ಎಂಜಿನಿಯರ್ ಮೇಡಂ ಯಾವಾಗಲೋ ಬಂದು ಬಾಗಿಲು ತೆರೆದು, ಚೀಟಿಯ ಪ್ರತಿ ಹಿಡಿದು ನಿಂತಿದ್ದರು. ಅವರ ಹಿಂದೆ ನಲವತ್ತು ತಲೆಗಳು. ಸೂಪರಿಂಟೆಂಡೆಂಟರು ಏಳಲು ಹೋದರು. ಕುರ್ಚಿಯೂ ಅವರ ಜೊತೆಗೇ ಎದ್ದಿತು.

"ಮೇಡಂ, ಟೀ..." ಎಂದರು.

"ನಾಳೆ ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ. ಈಗ ಹೇಳಿದ್ದನ್ನೆಲ್ಲ ಬರೆದು ತನ್ನಿ," ಎಂದರು ಮೇಡಂ. ಆಮೇಲೆ ನಿಘಂಟುವಿನ ಕಡೆ ತಿರುಗಿದರು. "ಮೂಲ ಪಟ್ಟಿ ನಿಮ್ಮ ಹತ್ತಿರ ಭದ್ರವಾಗಿದೆ ತಾನೆ? ತೋರಿಸಿ."

ನಿಘಂಟು ಡ್ರಾಯರಿನ ಬೀಗ ತೆಗೆದು ಮೌಸನ್ನು ಹೊರಗೆ ತಂದು ಮೇಜಿನ ಮೇಲಿಟ್ಟು, ಕೈಮುಗಿದು ನಿಂತರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಮೇಡಂ, ಕಾರ್ಯಪಟ್ಟಿ... ತಳಭಾಗದಲ್ಲಿ... ಸ್ವಯಂಚಾಲಿತವಾಗಿ..." ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಮೊದಲ ಸಲ ನಿಘಂಟು ಸೋತರು. "ಮೇಡಂ, ಟಾಸ್ಕ್‌ಬಾರ್ ಹೊರಟುಹೋಗಿದೆ!"

ಬಡಗಿ ಥಟ್ಟನೆ ಎದ್ದು ನಿಂತ. "ಟಾಸ್ಕ್‌ಬಾರಾ? ಅಯ್ಯೋ ನನ್ನಪ್ಪ, ಅದನ್ನ ಬಂದ ತಕ್ಷಣ ಹೇಳಬಾರದಾ ಸಾರ್? ಅರ್ಧ ಗಂಟೆಯಿಂದ ನಿಮ್ಮ ಮೇಜಿನ ಕಾಲು ಅಳೀತಾ ಕೂತಿದ್ದೀನಿ!" ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದ. "ನಮ್ಮ ಅಂಗಡೀಲಿ ಬಾಗಿಲಿನ ಡಿಸೈನ್ ಎಲ್ಲಾ ಕಂಪ್ಯೂಟರಲ್ಲೇ. ತಿಂಗಳಿಗೊಂದ್ಸಲ ಇದೇ ಗೋಳು. ಸ್ವಲ್ಪ ಪಕ್ಕಕ್ಕೆ ಸರೀರಿ."

ಅವನು ಮೌಸು ಹಿಡಿದು ಬಾಣವನ್ನು ಪರದೆಯ ಕೆಳತುದಿಯವರೆಗೆ ಎಳೆದ. ನೀರಿನಿಂದ ಮೀನು ತಲೆಯೆತ್ತುವ ಹಾಗೆ ಪಟ್ಟಿ ಪುಳಕ್ಕನೆ ಮೇಲೆ ಬಂತು. ಮೂಲೆಯಲ್ಲಿ ಗುಂಡಿಯೂ ಇತ್ತು. ಬಡಗಿ ಪಟ್ಟಿಯ ಮೇಲೆ ಮೌಸಿನ ಬಲಬದಿ ಒತ್ತಿ, ಎರಡು ಪುಟ ದಾಟಿ, ಅದೇ ಕನ್ನಡದ ಸಾಲಿನ ಮುಂದಿದ್ದ ಸರಿ ಗುರುತನ್ನು ತೆಗೆದ. ಪಟ್ಟಿ ತಳದಲ್ಲಿ ಗಟ್ಟಿಯಾಗಿ ಕೂತಿತು.

"ಯಾರೋ ಟಿಕ್ ಹಾಕಿದ್ರು ಸಾರ್," ಎಂದ. ನಿಘಂಟು ಗೋಡೆಯ ಗಡಿಯಾರ ನೋಡಿದರು.

ಮನೆಗಳ ಪಟ್ಟಿ ತೆರೆಯಿತು. ಮೇಡಂ ಅರ್ಜಿಗಳನ್ನು ತರಿಸಿ, ಪಕ್ಕದಲ್ಲಿ ಕೂತು, ಸೇವೆಯ ವರ್ಷಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರು. ಷಡ್ಡಕನ ಸ್ಥಾನ ಇಪ್ಪತ್ತೇಳಕ್ಕೆ ಇಳಿಯಿತು. ಪಂಪ್‌ಹೌಸಿನ ಅಕ್ಕನ ಹೆಸರು ನಾಲ್ಕಕ್ಕೆ ಏರಿತು. ಮೂರಕ್ಕೆ ಐದು ನಿಮಿಷವಿರುವಾಗ ಕಾಗದ ಫಲಕಕ್ಕೆ ಬಿತ್ತು. ಓಣಿಯಲ್ಲಿ ಕೂಗು, ನೂಕಾಟ, ಒಬ್ಬರ ಕಾಲು ಇನ್ನೊಬ್ಬರು ತುಳಿದದ್ದು ಎಲ್ಲ ನಡೆಯಿತು.

ಹೊರಡುವಾಗ ಮೇಡಂ ಹೇಳಿದರು: "ನಿಮ್ಮಿಂದ ನಾನು ಇದನ್ನ ನಿರೀಕ್ಷಿಸಿರಲಿಲ್ಲ. ಒಂದು ಹೆಸರೂ ಎತ್ತದೆ, ಬರೀ ನಾಲ್ಕು ಸಾಲಲ್ಲಿ ಕಳ್ಳನನ್ನ ಹೊರಗೆ ತಂದ್ರಿ."

"ಮೇಡಂ, ಸತ್ಯವಾಗಿ ಹೇಳ್ತೀನಿ, ನಾನು ಬರೆದದ್ದು ಆ ಪಟ್ಟಿ ವಿಷಯ ಅಲ್ಲ. ಯಂತ್ರದಲ್ಲಿ..."

"ಗೊತ್ತು ಬಿಡಿ," ಎಂದು ಮೇಡಂ ನಕ್ಕರು. "ಇಷ್ಟೊಂದು ವಿನಯ ಬೇಡ." ಟಪಾಲಿನ ಹೆಂಗಸೂ ಮೀಟರ್ ಓದುವವನೂ ನಿಘಂಟುವಿನ ಮಾತನ್ನು ಕೇಳಲು ಸಿದ್ಧರಿರಲಿಲ್ಲ. ಅವರು ನಿಜ ಹೇಳಿದಷ್ಟೂ ಕೀರ್ತಿ ಬೆಳೆಯುತ್ತಿತ್ತು. ನಾಲ್ಕನೇ ಸಲ ಹೇಳಿ ಸುಸ್ತಾಗಿ ಸುಮ್ಮನಾದರು.

ನಾಲ್ಕು ಗಂಟೆಗೆ ಪಂಪ್‌ಹೌಸಿನ ಅಕ್ಕ ಒಳಗೆ ಬಂದಳು. ಸೆರಗಿನಿಂದ ಕಣ್ಣೊತ್ತಿಕೊಂಡು, "ನಿಮ್ಮ ಉಪಕಾರ ಮರೆಯಲ್ಲ ಸಾರ್," ಎಂದಳು.

ಉಳಿದವರೆದುರು ಹೇಳುವುದನ್ನು ಕೈಬಿಟ್ಟರೂ ಈಕೆಯೆದುರು ನಿಘಂಟುವಿಗೆ ಹಾಗೆ ಬಿಡಲಾಗಲಿಲ್ಲ. "ಕೂತ್ಕೊಳ್ಳಮ್ಮ," ಎಂದರು. "ನಾನೇನೂ ಮಾಡಿಲ್ಲ. ಹದಿಮೂರರ ಮುಂದೆ ನಿನ್ನ ಹೆಸರು ಟೈಪು ಮಾಡಿದವನೇ ನಾನು. ಮೂರು ಸಲ ಓದಿದೆ. ಒತ್ತು ಸರಿಯಾಗಿದೆಯಾ, ದೀರ್ಘ ಸರಿಯಾಗಿದೆಯಾ ಅಂತ ನೋಡಿದೆ. ಹತ್ತೊಂಬತ್ತು ವರ್ಷ ದುಡಿದವಳು ಹದಿಮೂರಕ್ಕೆ ಯಾಕೆ ಬಂದಳು ಅಂತ ನನ್ನ ತಲೆಗೆ ಹೊಳೀಲೇ ಇಲ್ಲ. ಇವತ್ತು ಕಳೆದುಹೋಗಿದ್ದು ಬೇರೆ ಪಟ್ಟಿ. ನಂಬು, ಇಲ್ಲ ಬಿಡು."

ಆ ದಿನ ಅವರ ಮಾತನ್ನು ನಂಬಿದವಳು ಆಕೆಯೊಬ್ಬಳೇ.

"ಹೆಸರಾದ್ರೂ ಸರಿಯಾಗಿ ಬರೆದಿದ್ರಲ್ಲ ಸಾರ್," ಎಂದಳು. "ಹಾಜರಿ ಪುಸ್ತಕದಲ್ಲಿ ಇಷ್ಟು ವರ್ಷವೂ ತಪ್ಪೇ. ಅದಿರಲಿ, ಆ ಬೇರೆ ಪಟ್ಟಿ ಯಾವುದು? ನನಗೂ ತೋರಿಸಿ."

ನಿಘಂಟು ಪರದೆಯ ತಳದಲ್ಲಿ ಬೆರಳಿಟ್ಟು ತೋರಿಸಿದರು. ಅವಳು ಬಗ್ಗಿ ನೋಡಿದಳು. ಒಂದು ಬೆರಳಿನಷ್ಟು ದಪ್ಪದ ಗೆರೆ. ಅದರ ಮೇಲೆ ಎಳ್ಳಿನಂಥ ಐದಾರು ಚಿತ್ರ.

"ಇದಾ?"

"ಇದೇ."

"ಇಷ್ಟಗಲದ ಪಟ್ಟಿಗೆ ಅಷ್ಟಗಲದ ಮನುಷ್ಯ ಹೆದರಿಬಿಟ್ಟರಾ ಸಾರ್?"

ನಿಘಂಟುವಿಗೆ ನಗು ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಗಡಿಯಾರ ನೋಡಿ, "ಅಯ್ಯಯ್ಯೋ, ಐದಕ್ಕೆ ನೀರು ಬಿಡಬೇಕು!" ಎಂದು ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ನಿಘಂಟು ಕಚೇರಿ ಮುಗಿಸಿ ಬೀದಿಗಿಳಿಯುವಾಗ ಐದು ಹೊಡೆಯಿತು. ಸಾಲುಮನೆಗಳ ಮುಂದೆ ಕೊಡ ಹಿಡಿದು ನಿಂತಿದ್ದವರು ಮಾತು ನಿಲ್ಲಿಸಿದರು. ನಲ್ಲಿಗಳು ಒಂದೊಂದಾಗಿ ಕೆಮ್ಮಿ, ಗಾಳಿ ಉಗುಳಿ, ನೀರು ಸುರಿಸತೊಡಗಿದವು.